ತಲೆಗೆ ಬೆಣ್ಣೆ, ಹಣೆಗೆ ಮೊಡವೆ

ಬೇರೆಯವರ ಹೆಣ್ಣುಮಕ್ಕಳು ಒಡವೆ ಬೇಕೆಂದು ಅಪ್ಪಂದಿರ ಪ್ರಾಣ ಹಿಂಡುತ್ತಾರಂತೆ. ನನ್ನ ಮಗಳು ನನ್ನ ಪ್ರಾಣ ಹಿಂಡಿದ್ದು ಮೊಡವೆ ಬೇಡವೆಂದು. ಒಡವೆಯಾದರೆ ಅಂಗಡಿಯಲ್ಲಿ ಸಿಗುತ್ತದೆ. ಬಂದ ಮೊಡವೆಯನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ನಮ್ಮ ಬಾಹಿರ್ ದಾರ್ ಊರಿನಲ್ಲಿ ಎಲ್ಲಿದೆ, ನೀವೇ ಹೇಳಿ.

ಮಗಳ ಹೆಸರು ಮಸ್ತೆವಾಲ್. ಹದಿನೈದು ವರ್ಷ. ಅವಳು ಬಾಯಿಬಿಟ್ಟು ಹಾಡಿದರೆ ಊರಂಚಿನ ಸರೋವರದ ಆಚೆ ದಡದ ನೀರುಕುದುರೆಗಳೂ ತಲೆಯೆತ್ತಿ ನೋಡುತ್ತವೆ ಎಂದು ನಾನು ಹೇಳುತ್ತಿರುತ್ತೇನೆ (ಹೆದರಿಕೊಂಡು ಎಂದು ನನ್ನ ಹೆಂಡತಿ ದೆಬ್ರಿತು ಸೇರಿಸುತ್ತಾಳೆ). ಅವಳಿಗೆ ಹಾಡು ಕಲಿಸಿದವಳು ನಮ್ಮ ಜೊತೆಯಲ್ಲೇ ಇರುವ ನನ್ನ ತಂಗಿ ಜೆನೆಬು. ಜೆನೆಬುವಿನ ಮದುವೆ ಫಾಸಿಕಾ, ಅಂದರೆ ಈಸ್ಟರ್ ಹಬ್ಬ ಕಳೆದ ಎರಡನೆಯ ಭಾನುವಾರಕ್ಕೆ ನಿಶ್ಚಯವಾಗಿತ್ತು. ಮದುಮಗ ಬಂದಾಗ ಬಾಗಿಲಿಗೆ ಅಡ್ಡ ನಿಂತು, ಒಳಗೆ ಬಿಡೆವು ಎಂದು ಹಾಡುವ ಹುಡುಗಿಯರ ದಂಡಿಗೆ ಮಸ್ತೆವಾಲ್‌ಳೇ ದಂಡನಾಯಕಿ ಎಂದು ಜೆನೆಬು ಎರಡು ವರ್ಷದ ಹಿಂದೆಯೇ ತೀರ್ಮಾನಿಸಿದ್ದಳು. ಆಗಿನ್ನೂ ಗಂಡೇ ಗೊತ್ತಾಗಿರಲಿಲ್ಲ.

ಹೀಗಿರಲು ಒಂದು ಮಧ್ಯಾಹ್ನ ಎಲ್ಲರೂ ಹುಳಿದೋಸೆಯಂಥ ಇಂಜೆರಾ ಹರಡಿದ ತಟ್ಟೆಯ ಸುತ್ತ ಕೂತಿದ್ದಾಗ, ಮಗಳು ಬಿಳಿ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಬಾಂಬು ಹಾಕಿದಳು.

"ನಾನು ಮದುವೆಗೆ ಬರಲ್ಲ."

"ಯಾಕೇ?"

"ಮುಖ."

"ಮುಖಕ್ಕೇನಾಗಿದೆ? ಇದ್ದ ಜಾಗದಲ್ಲೇ ಇದೆಯಲ್ಲ!" ಎಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಬಂದೋರೆಲ್ಲ ಮುತ್ತು ಕೊಡ್ತಾರೆ. ಒಬ್ಬೊಬ್ರೂ ಕೆನ್ನೆಗೆ ಮೂರು ಮೂರು. ಮುನ್ನೂರು ಜನ. ನಾನು ಬರಲ್ಲ ಅಂದ್ರೆ ಬರಲ್ಲ."

ಜೆನೆಬುವಿನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನೀನಿಲ್ದೆ ಬಾಗಿಲಲ್ಲಿ ಯಾರೇ ನಿಲ್ತಾರೆ? ನನ್ನನ್ನ ಬಿಟ್ಕೊಡಲ್ಲ ಅಂತ ಒಬ್ರಾದ್ರೂ ಕೂಗ್ಬೇಡ್ವಾ? ಸುಮ್ನೆ ಎದ್ದು ಹೋಗಿ ಕಾರಲ್ಲಿ ಕೂತ್ಕೊಂಡುಬಿಡ್ಲಾ?" ಎಂದವಳ ಕಣ್ಣು ತುಂಬಿಕೊಂಡಿತು. ಮಗಳ ಕಣ್ಣೂ ತುಂಬಿತು. ಆದರೆ ಶಾಲು ಕೆಳಗಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಮನೆಯ ಯಜಮಾನನಾದವನು ಕೈಕಟ್ಟಿ ಕೂರಲಾಗುತ್ತದೆಯೇ? ನಾನು ಇಪ್ಪತ್ತೆರಡು ವರ್ಷದಿಂದ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೊಳವೆ ವಿಭಾಗದವನು. ನಲ್ಲಿಯಲ್ಲಿ ಕೆಸರು ಬಂದರೆ ನಲ್ಲಿಯನ್ನು ಒರೆಸಿ ಪ್ರಯೋಜನವಿಲ್ಲ, ಮೂಲ ಹುಡುಕಬೇಕು ಎಂಬುದು ನನ್ನ ಜೀವನ ಸಿದ್ಧಾಂತ. ಮುಖವೆಂದರೆ ನಲ್ಲಿ. ಮೂಲವೆಂದರೆ ಹೊಟ್ಟೆ. ಆ ಕ್ಷಣವೇ 'ಮೊಡವೆ ನಿರ್ಮೂಲನಾ ಮಹಾಯೋಜನೆ' ನನ್ನ ತಲೆಯಲ್ಲಿ ಉದಯವಾಯಿತು.

ಹೇಗೂ ಮುಂದಿನ ಸೋಮವಾರದಿಂದ ಹಬ್ಬದ ಮುಂಚಿನ ಐವತ್ತೈದು ದಿನದ ದೊಡ್ಡ ಉಪವಾಸ. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ. ದೇವರೇ ಅರ್ಧ ಪಥ್ಯ ಮಾಡಿಸುತ್ತಿರುವಾಗ ಉಳಿದರ್ಧ ನಾನು ಮಾಡಿಸಿದರಾಯಿತು ಎಂದು ಆಜ್ಞೆ ಹೊರಡಿಸಿದೆ. ಮಗಳಿಗೆ ಖಾರದ ಪುಡಿ ಬಂದ್. ಎಣ್ಣೆ ಬಂದ್. ನೆಲಗಡಲೆ ಬಂದ್. ಕಡಲೆಹಿಟ್ಟಿನ ಶಿರೊ ಬಂದ್. ಕಾಫಿ ಬಂದ್.

"ಕಾಫಿನೂನಾ?" ಎಂದು ದೆಬ್ರಿತು ಎದೆ ಹಿಡಿದುಕೊಂಡಳು. "ರೀ, ಇನ್ನೇನು ಉಳೀತು ಅವಳಿಗೆ?"

"ಇಂಜೆರಾ ಉಳೀತು. ಬೇಯಿಸಿದ ಆಲೂಗಡ್ಡೆ ಉಳೀತು. ಎಲೆಕೋಸು ಉಳೀತು."

"ಉಪ್ಪು?"

"ಅದನ್ನ ಯೋಚಿಸಿ ಹೇಳ್ತೀನಿ."

(ನಾನು ಕಟುಕನಲ್ಲ. ಹುಡುಗಿ ಸೊರಗಬಾರದೆಂದು ದಿನಕ್ಕೆ ಮೂರು ಲೋಟ ಚಹಾ, ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ ನನ್ನ ಕೈಯಾರೆ ಕೊಡುತ್ತಿದ್ದೆ.)

ಯೋಜನೆಯ ಎರಡನೆಯ ಭಾಗ ನನ್ನ ಬುದ್ಧಿವಂತಿಕೆಗೆ ಕಳಶವಿಟ್ಟ ಹಾಗಿತ್ತು. ಉಪವಾಸ ಹಿಡಿಯಿತೆಂದರೆ ನಮ್ಮ ಜೊತೆಗಿರುವ ನನ್ನ ಅಮ್ಮನ ಹಳ್ಳಿಯಿಂದ ಬಂದ ಒಂದು ಮಡಕೆ ತುಂಬ ಬೆಣ್ಣೆ ಸುಮ್ಮನೆ ಕೂತಿರುತ್ತದೆ. ಹಬ್ಬಹುಣ್ಣಿಮೆಗೊಮ್ಮೆ ಅಮ್ಮ ಮೊಮ್ಮಗಳ ಕೂದಲಿಗೆ ಬೆಣ್ಣೆ ಹಚ್ಚಿ ಜಡೆ ಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ನಾನು ಅಮ್ಮನ ಪಕ್ಕ ಕೂತು ವೈದ್ಯಶಾಸ್ತ್ರ ಬಿಚ್ಚಿದೆ.

"ಅಮ್ಮಾ, ಅವಳ ತಲೆ ಕಾದುಹೋಗಿದೆ. ಚಿಂತೆಯ ಉಷ್ಣ. ಅದೇ ಹಣೆ ಮೇಲೆ ಒಡೀತಾ ಇದೆ. ಹೊಟ್ಟೆಗೆ ಬೆಣ್ಣೆ ಬೇಡ, ತಲೆಗೆ ಹಾಕು. ವಾರಕ್ಕೆ ಮೂರು ಸಲ. ಧಾರಾಳವಾಗಿ ಹಾಕು."

"ಉಪವಾಸದಲ್ಲೇನೋ?"

ಅದಕ್ಕೂ ನಾನು ಸಿದ್ಧನಾಗಿದ್ದೆ. ನಮ್ಮ ಪಾದ್ರಿಗಳನ್ನು ಮೊದಲೇ ಕೇಳಿಕೊಂಡು ಬಂದಿದ್ದೆ. ತಲೆಯ ಮೇಲೆ ಇನ್ನೊಂದು ಬಾಯಿ ಇಲ್ಲದಿದ್ದರೆ ಪಾಪವಿಲ್ಲ ಎಂದಿದ್ದರು. ಅಮ್ಮನ ಮುಖ ಅರಳಿತು. "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತಾಡ್ದೆ ಕಣೋ ಅಯಾಲ್ನೆಹ್" ಎಂದಳು. ಜನ ಯಾರ್ಯಾರಿಗೋ ಬೆಣ್ಣೆ ಹಚ್ಚಿ ಕೆಲಸ ಮಾಡಿಸಿಕೊಳ್ಳುತ್ತಾರೆ. ನಾನು ಮೊಡವೆಗೇ ಬೆಣ್ಣೆ ಹಚ್ಚಿ ಕಳಿಸುವವನಿದ್ದೆ.

ನಮ್ಮೂರಿನ ಮಾರ್ಚ್ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದು. ಮಗಳು ಶಾಲೆಗೆ ಹೋಗಿ ಬರುವಷ್ಟರಲ್ಲಿ ಬೆಣ್ಣೆ ಕರಗಿ ಹಣೆಗೆ ಇಳಿದಿರುತ್ತಿತ್ತು. ಅವಳು ಒರೆಸಿಕೊಳ್ಳುವಳು, ಅಜ್ಜಿ ಮತ್ತೆ ಹಚ್ಚುವಳು. ಮೊಡವೆಗಳು ಹೋಗುವುದಿರಲಿ, ಬಂಧುಬಳಗವನ್ನೂ ಕರೆದುಕೊಂಡು ಬಂದವು. ಹಣೆಯಲ್ಲಿ ಒಂದಿದ್ದ ಕಡೆ ಹತ್ತಾದವು. ಏಳು ವಾರವಾಗುವಷ್ಟರಲ್ಲಿ ಕೂದಲಂಚಿನುದ್ದಕ್ಕೂ ಮೊಡವೆಗಳು ಸಾಲುಗಟ್ಟಿ ನಿಂತಿದ್ದವು.

ಯೋಜನೆ ಸರಿಯಿದ್ದೂ ಫಲ ಬಾರದಿದ್ದರೆ ಎಲ್ಲೋ ಕಳ್ಳ ಸಂಪರ್ಕ ಇರಲೇಬೇಕು ಎಂಬುದು ಕೊಳವೆ ವಿಭಾಗದ ಅನುಭವ. ನಾನು ಮಗಳ ಶಾಲೆಯ ಚೀಲ ತೆಗೆದು ನೆಲಗಡಲೆ ಸಿಪ್ಪೆಗಾಗಿ ಶೋಧಿಸತೊಡಗಿದೆ. ಅಷ್ಟರಲ್ಲಿ ಅವಳೇ ಬಂದು ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಅಪ್ಪಾ, ನಾನು ಕದ್ದು ಏನೂ ತಿಂದಿಲ್ಲ. ಫ್ರೆಂಡ್ಸ್ ಕಾಫಿಗೆ ಕರೆದ್ರೂ ಹೋಗಿಲ್ಲ. ಆಲೂಗಡ್ಡೆ ತಿಂದೂ ತಿಂದೂ ನಾನೇ ಆಲೂಗಡ್ಡೆ ಆಗಿದೀನಿ. ಅತ್ತೆ ಮದುವೆಗೆ ನಿಲ್ಬೇಕು ಅಂತ ತಾನೇ ಇಷ್ಟೂ ಮಾಡಿದ್ದು?"

ನನಗೆ ನಾಚಿಕೆಯಾಯಿತು. ಬರಲ್ಲ ಬರಲ್ಲ ಎಂದವಳು ಬರಬೇಕೆಂದೇ ಏಳು ವಾರ ಸಪ್ಪೆ ತಿಂದಿದ್ದಳು. ಆ ಪುಟ್ಟ ಮುಖ ಇನ್ನಷ್ಟು ಇಳಿದುಹೋಗಿತ್ತು. ಚೀಲವನ್ನು ಇದ್ದ ಹಾಗೆ ಜೋಡಿಸಿಟ್ಟೆ.

ಮರುದಿನ ದೆಬ್ರಿತು ನನ್ನನ್ನು ಒಂದು ಮಾತೂ ಕೇಳದೆ ಮಗಳನ್ನು ಆರೋಗ್ಯ ಕೇಂದ್ರಕ್ಕೆ ಹೊರಡಿಸಿದಳು. ನಾನೂ ಹಿಂದೆ ಹೋದೆ (ಯೋಜನಾ ವರದಿ ಒಪ್ಪಿಸುವವರು ಬೇಕಲ್ಲ). ಅಲ್ಲಿನ ನರ್ಸಮ್ಮ ಮಗಳ ಹಣೆಯನ್ನು ನೋಡಿದವರೇ ಜಡೆಯನ್ನು ಮುಟ್ಟಿ, ಬೆರಳನ್ನು ಮೂಸಿದರು.

"ತಲೆಗೆ ಏನಮ್ಮಾ ಹಚ್ತೀಯ?"

"ಬೆಣ್ಣೆ. ವಾರಕ್ಕೆ ಮೂರು ಸಲ."

"ಯಾರು ಹೇಳಿದ್ದು?"

ತಾಯಿ ಮಗಳು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಸೊಳ್ಳೆ ಪರದೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಕರಗಿ ಹಣೆಗಿಳಿಯುತ್ತೆ, ಚರ್ಮದ ರಂಧ್ರ ಕಟ್ಟಿಹೋಗುತ್ತೆ. ಇದಕ್ಕೆ ಪಾಪ ಹೊಟ್ಟೆ ಏನು ಮಾಡಿತ್ತು? ಬೆಳೆಯೋ ಹುಡುಗಿ, ಮನೇಲಿ ಎಲ್ಲರೂ ತಿನ್ನೋದು ತಿನ್ಲಿ. ಹಾಂ, ಸಿಹಿ ಮಾತ್ರ ಕಡಿಮೆ ಇರ್ಲಿ. ಚಹಾಗೆ ಸಕ್ಕರೆ ಎಷ್ಟು ಹಾಕ್ತೀರಿ?"

ನಾನು ಮತ್ತೆ ಸೊಳ್ಳೆ ಪರದೆ ನೋಡಿದೆ.

ಬೆಣ್ಣೆ ನಿಲ್ಲಿಸಿ, ಮುಖವನ್ನು ದಿನಕ್ಕೆ ಎರಡೇ ಸಲ ಸೌಮ್ಯವಾದ ಸೋಪಿನಲ್ಲಿ ತೊಳೆಯಿರಿ, ಉಜ್ಜಬೇಡಿ, ಹಿಚುಕಬೇಡಿ ಎಂದು ಹೇಳಿ ಒಂದು ಸಣ್ಣ ಟ್ಯೂಬ್ ಮುಲಾಮು ಕೊಟ್ಟರು. ದಿನ ಬಿಟ್ಟು ದಿನ, ಕಡಲೆಕಾಳಿನಷ್ಟು, ಇಡೀ ಮುಖಕ್ಕೆ ತೆಳ್ಳಗೆ. ಪೂರ್ತಿ ತಿಳಿಯಾಗಲು ಎರಡು ಮೂರು ತಿಂಗಳು ಬೇಕು ಎಂದರು. ಮದುವೆಗೆ ಉಳಿದಿದ್ದದ್ದು ಹದಿನೆಂಟು ದಿನ.

ದಾರಿಯುದ್ದಕ್ಕೂ ದೆಬ್ರಿತು ತುಟಿ ಕಚ್ಚಿಕೊಂಡು ಬಂದಳು. ಮನೆಯ ಗೇಟಿನ ಹತ್ತಿರ ತಡೆಯಲಾಗಲಿಲ್ಲ.

"ಇಪ್ಪತ್ತೆರಡು ವರ್ಷ ಕೊಳವೆ ಕೆಲಸ ಮಾಡಿದೀರಿ. ಮೇಲೆ ಹಾಕಿದ್ದು ಕೆಳಗೆ ಹರಿಯುತ್ತೆ ಅಂತ ನಿಮ್ಮ ಕಚೇರೀಲಿ ಯಾರೂ ಹೇಳ್ಲೇ ಇಲ್ವೇನ್ರೀ?"

ಬೆಣ್ಣೆ ನಿಂತಿತು, ಶಿರೊ ಮರಳಿ ಬಂತು, ಹುಡುಗಿಯ ಹಣೆ ನಿಧಾನವಾಗಿ ತಣ್ಣಗಾಯಿತು. ಕೆನ್ನೆಗಳು ಮಾತ್ರ ಹಾಗೆಯೇ ಇದ್ದವು. ಮುಲಾಮನ್ನು ಅವಳು ಮುಟ್ಟಲೇ ಇಲ್ಲ. ಮದುವೆಗೆ ಬರುತ್ತೀಯೋ ಇಲ್ಲವೋ ಎಂದರೆ ಹೂಂ ಇಲ್ಲ, ಉಹೂಂ ಇಲ್ಲ. ಜೆನೆಬು ಕೇಳುವುದನ್ನೇ ಬಿಟ್ಟಿದ್ದಳು. ಕೇಳದೆ ಮಗಳ ಹೊಸ ಬಟ್ಟೆಯ ಅಂಚನ್ನು ತಾನೇ ಹೊಲಿಯುತ್ತಿದ್ದಳು. ಮದುವೆಗೆ ಮೂರು ದಿನವಿದ್ದಾಗ ನನಗೆ ತಡೆಯಲಾಗಲಿಲ್ಲ.

"ಹಚ್ಕೊಳ್ಳೇ ಮಗಳೇ. ನರ್ಸಮ್ಮ ಕೊಟ್ಟಿದ್ದು, ನಾನಲ್ಲ."

"ಮೊದಲು ನೀನು ಹಚ್ಕೊಂಡು ತೋರ್ಸು. ನಿನ್ನ ಕೈಯಿಂದ ಬಂದಿದ್ದು ಯಾವುದಕ್ಕೂ ನಾನಿನ್ನು ಮುಖ ಕೊಡಲ್ಲ."

ಮಗಳ ವಿಶ್ವಾಸ ಮರಳಿ ಪಡೆಯಲು ಇದಕ್ಕಿಂತ ಸುವರ್ಣಾವಕಾಶ ಉಂಟೇ? ಶುಕ್ರವಾರ ಬೆಳಿಗ್ಗೆಯೇ ಕನ್ನಡಿಯ ಮುಂದೆ ನಿಂತೆ. ಕಡಲೆಕಾಳಿನ ಅಳತೆ ಹೆಣ್ಣುಮಗುವಿನ ಮುಖಕ್ಕೆ. ನನ್ನದು ಗಂಡಸಿನ ಮುಖ, ಅದೂ ಬಿಸಿಲಲ್ಲಿ ನೆಲ ಅಗೆದವನ ಮುಖ. ಒಂದು ಚಮಚ ಬಳಿದೆ. ಮಧ್ಯಾಹ್ನ ಇನ್ನೊಂದು. ಏನೂ ಆಗಲಿಲ್ಲವೆಂದು ಸಂಜೆಗೆ ಮತ್ತೊಂದು.

ಶನಿವಾರ ಮುಖ ಬಿಗಿಯಿತು, ಉರಿಯಿತು, ಆಮೇಲೆ ಸುಲಿಯತೊಡಗಿತು. ಭಾನುವಾರ ಬೆಳಿಗ್ಗೆ ನೋಡಿದರೆ ಎರಡೂ ಕೆನ್ನೆಯಿಂದ ಈರುಳ್ಳಿಯ ಹಾಗೆ ಸಿಪ್ಪೆ ಏಳುತ್ತಿತ್ತು. ಹೊರಗೆ ಚಪ್ಪರ, ಡೋಲು, ಜನ. ನಾನು ಒಳಗಿನ ಕೋಣೆಯಲ್ಲಿ ಮೂಗಿನವರೆಗೆ ಶಾಲು ಎಳೆದುಕೊಂಡು ಮಂಚದ ತುದಿಯಲ್ಲಿ ಕೂತಿದ್ದೆ.

"ರೀ, ಜನ ಬಂದು ಬಾಗಿಲಲ್ಲಿ ನಿಂತಿದಾರೆ. ಸತ್ತ ಮಾವನ ಜಾಗದಲ್ಲಿ ನಿಲ್ಬೇಕಾದೋರು ನೀವು!" ಎಂದಳು ದೆಬ್ರಿತು.

"ನಾನು ಬರಲ್ಲ."

"ಯಾಕೆ?"

"ಮುಖ."

ದೆಬ್ರಿತು ನನ್ನನ್ನು ನೋಡಿದಳು, ಸೂರನ್ನು ನೋಡಿದಳು, ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಮಸ್ತೆವಾಲ್ ಬಂದಳು. ಜೆನೆಬು ಹೊಲಿದ ಬಟ್ಟೆ ತೊಟ್ಟಿದ್ದಳು. ನನ್ನ ಪಕ್ಕ ಕೂತು ಶಾಲನ್ನು ಮೆಲ್ಲಗೆ ಸರಿಸಿದಳು.

"ತುಂಬಾ ಉರಿಯುತ್ತಾ ಅಪ್ಪಾ?"

"ಇಲ್ಲ."

"ಸುಳ್ಳು." ಆಮೇಲೆ ಅವಳು ನೆಲ ನೋಡುತ್ತಾ ಹೇಳಿದಳು. "ನೋಡಿದ್ರೆ ನೋಡ್ಲಿ ಅನ್ಸುತ್ತಪ್ಪಾ. ಆದ್ರೆ ಮುತ್ತು ಕೊಡೋಕೆ ಅಂತ ಕೆನ್ನೆ ಹತ್ರ ಬಂದು ಒಂದು ಚೂರು ನಿಂತುಬಿಡ್ತಾರಲ್ಲ, ತಾಗಿಸ್ಲೋ ಬೇಡ್ವೋ ಅಂತ. ಅದು ಕಷ್ಟ."

ನಾನು ಇಷ್ಟು ದಿನ ಅವಳ ಹೊಟ್ಟೆಗೆ ಏನೇನು ಹೋಯಿತೆಂದು ವಿಚಾರಿಸಿದ್ದೆ. ಮನಸ್ಸಿಗೆ ಏನಾಯಿತೆಂದು ಒಂದು ದಿನವೂ ಕೇಳಿರಲಿಲ್ಲ. ಕ್ಷಮಿಸು ಮಗಳೇ ಎಂದೆ. ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು.

"ಬಾ. ಇಬ್ರೂ ಒಟ್ಟಿಗೆ ನಿಲ್ಲೋಣ. ಯಾರ ಮುಖ ನೋಡ್ಬೇಕು ಅಂತ ಬಂದೋರಿಗೇ ಗೊತ್ತಾಗ್ಬಾರ್ದು."

ಬಾಗಿಲಲ್ಲಿ ಮೊದಲು ಸಿಕ್ಕವರು ಅಮ್ಮನ ದೊಡ್ಡಪ್ಪನ ಮಗಳು. ಎರಡೂ ಕೈ ಚಾಚಿ ಬಂದರು, ನನ್ನ ಕೆನ್ನೆಯ ಹತ್ತಿರ ಬಂದು ಒಂದು ಚೂರು ನಿಂತರು. ಮಗಳು ಹೇಳಿದ್ದು ಇದೇ ಎಂದು ನನಗೆ ಆಗ ತಿಳಿಯಿತು. ಆಮೇಲೆ ಧೈರ್ಯ ಮಾಡಿ ತಾಗಿಸಿದರು. ಅಯ್ಯಯ್ಯೋ, ಕೆಂಡ! "ಏನೋ ಇದು ಅಯಾಲ್ನೆಹ್? ಉಪವಾಸ ಸರಿಯಾಗಿ ಮಾಡ್ಲಿಲ್ವಾ?" ಎಂದು ಎರಡನೆಯ ಮುತ್ತಿಗೆ ಬಾಗಿದರು. ಇನ್ನೂ ಎರಡು ಬಾಕಿಯಿತ್ತು, ಹಿಂದೆ ಮುನ್ನೂರು ಜನರಿದ್ದರು. ನನ್ನ ಕಾಲು ತಾನಾಗಿ ಹಿಂದೆ ಸರಿಯಿತು.

ಆಗ ಮಗಳು ನಮ್ಮಿಬ್ಬರ ಮಧ್ಯೆ ಬಂದಳು. ನೀರುಕುದುರೆಗಳನ್ನು ಎಬ್ಬಿಸುವ ಆ ಗಂಟಲಿನಲ್ಲಿ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದಳು:

"ಅಪ್ಪನಿಗೆ ಕೆನ್ನೆ ಉರಿ! ಅವ್ರಿಗೆ ಹೆಗಲು ತಾಗಿಸಿದ್ರೆ ಸಾಕು! ಅವ್ರ ಪಾಲಿನ ಮುತ್ತೂ ನನಗೇ ಕೊಡಿ!"

ಕೊಟ್ಟರು. ಒಬ್ಬೊಬ್ಬರೂ ಆರಾರು ಕೊಟ್ಟರು. ಮೂರಕ್ಕೆ ಹೆದರಿ ಮನೆ ಹಿಡಿದಿದ್ದ ಹುಡುಗಿ, ಎಡಗೆನ್ನೆ ಬಲಗೆನ್ನೆ ತಿರುತಿರುಗಿಸಿ ಎಲ್ಲವನ್ನೂ ತೆಗೆದುಕೊಂಡಳು. ಮೊದಲ ಹತ್ತು ಜನ ಬರುವಾಗ ಅವಳ ಬೆರಳುಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಇಪ್ಪತ್ತನೆಯವರ ಹೊತ್ತಿಗೆ ತೋಳು ಬಿಟ್ಟಿದ್ದಳು. ನನಗೆ ಅಳು ಬಂತು. ಕಣ್ಣೀರು ಸುಲಿದ ಕೆನ್ನೆಗೆ ತಾಗಿದರೆ ಎಷ್ಟು ಉರಿಯುತ್ತದೆಂದು ನರ್ಸಮ್ಮ ಹೇಳಿರಲಿಲ್ಲ.

ಮದುಮಗನ ದಿಬ್ಬಣ ಬಂತು. ಮಗಳು ಬಾಗಿಲಿನ ಎರಡೂ ಕಂಬಕ್ಕೆ ಕೈಯೂರಿ ಹಾಡತೊಡಗಿದಳು. ಒಳಗೆ ಜೆನೆಬು ಅಳುವುದೂ ನಗುವುದೂ ಒಟ್ಟಿಗೇ ಕೇಳಿಸಿತು. ಗಂಡಿನ ಕಡೆಯವರು ಅರ್ಧ ಗಂಟೆ ಬಿಸಿಲಲ್ಲಿ ಬೆವರಿ, ಬೇಡಿಕೊಂಡು, ಕುಣಿದ ಮೇಲೆಯೇ ಬಾಗಿಲು ಬಿಟ್ಟದ್ದು.

ಮದುಮಗನ ಹಿಂದೆ ಅವನ ಅಜ್ಜಿ ಬಂದರು. ನಿಯಮದ ಪ್ರಕಾರ ನನಗೆ ಹೆಗಲು, ಮಗಳಿಗೆ ಆರು ಮುತ್ತು. ಆಮೇಲೆ ಆ ಮುದುಕಿ ಮಗಳ ಗಲ್ಲ ಹಿಡಿದು ಅವಳ ಮುಖವನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಮತ್ತೆ ಅವಳ ಮುಖವನ್ನು ನೋಡಿದರು.

"ನಿನ್ನ ಮುಖಕ್ಕೆ ಏನು ಹಚ್ತೀಯಮ್ಮಾ? ಅದನ್ನೇ ನಿಮ್ಮಪ್ಪನಿಗೂ ಒಂಚೂರು ಹಚ್ಚು. ಪಾಪ."

ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮಗಳು ಶಾಲು ಅಡ್ಡ ಹಿಡಿಯದೆ ಗಹಗಹಿಸಿ ನಕ್ಕಳು. ನಾನೂ ನಗೋಣವೆಂದು ನೋಡಿದೆ. ಕೆನ್ನೆ ಬಿಡಲಿಲ್ಲ.