ಬಾಲವಿಲ್ಲದ್ದು

"ಮೊದಲ ಇದರ ಬಾಲ ಎಲ್ಲೈತಿ ತೋರ್ಸು. ಆಮ್ಯಾಲೆ ಕರಡಿ ಅನ್ನು," ಎಂದು ಸ್ಟುಡಿಯೋದ ಮೌಲಾಸಾಬ ಫೋಟೋವನ್ನು ತಲೆಕೆಳಗು ಮಾಡಿದ. ಮಷಿನ್ನಿನಿಂದ ಆಗಷ್ಟೇ ಬಿದ್ದ ಫೋಟೋ ಇನ್ನೂ ಬೆಚ್ಚಗಿತ್ತು.

"ಕರಡಿಗೆ ಬಾಲ ಎಲ್ಲಿರತೈತೋ ಸಾಬಣ್ಣ? ಬಾಲ ಕಾಣವಲ್ದು ಅಂದ್ರ ಅದು ಕರಡೀನ," ಎಂದ ಮೈಲಾರೆಪ್ಪ.

"ಹಂಗಾದ್ರ ನನಗೂ ಬಾಲ ಇಲ್ಲ."

"ನೀ ಸ್ಟುಡಿಯೋದಾಗ ಕುಂತೀದಿ. ಇದು ಗುಡ್ಡದಾಗ ನಿಂತೈತಿ."

ಇಬ್ಬರ ಭುಜಗಳ ನಡುವೆ ಕೈ ತೂರಿಸಿ ಯಲ್ಲೇಶ, ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವವನ ಹಾಗೆ ಒದ್ದಾಡುತ್ತಿದ್ದ. "ಕೊಡ್ರಿ ಇತ್ಲಾಗ! ಅದು ನಾ ತಂದ ರೋಲ್ ಐತಿ!"

ಪಾಸ್‌ಪೋರ್ಟ್ ಫೋಟೋಕ್ಕೆಂದು ತಲೆ ಬಾಚಿಕೊಂಡು ಕುಳಿತಿದ್ದ ಗಿರಾಕಿಯೂ ಎದ್ದು ಬಂದು ನೋಡಿ, ಬಾಚಣಿಕೆ ಅಲ್ಲೇ ಬಿಟ್ಟು ಹೊರಟುಹೋದ. ಫೋಟೋ ಅಂಥದೇ ಇತ್ತು. ಕಪ್ಪು ಮೈ. ಉಬ್ಬಿದ ಗೂನುಬೆನ್ನು. ಕುತ್ತಿಗೆ ಎನ್ನುವುದೇ ಇಲ್ಲ. ಗಿಡ್ಡ ಕಾಲು. ಮುಂಭಾಗದಲ್ಲಿ ಮುಕ್ಕೋನಾಕಾರದ ಒಂದೇ ಒಂದು ಬಿಳಿ ಕಣ್ಣು, ಫ್ಲ್ಯಾಶಿಗೆ ಝಗ್ಗನೆ ಹೊಳೆಯುತ್ತಿತ್ತು.

ಯಲ್ಲೇಶನಿಗೆ ಆ ಕಣ್ಣು ನೋಡಿ ಅಳುವಷ್ಟು ಸಂತೋಷವಾಯಿತು.

ಮೈಸೂರಿನ ಯಾವುದೋ ಸಂಸ್ಥೆಯವರು ಮೋಟೆಬೆನ್ನೂರು ಮತ್ತು ಕದರಮಂಡಲಗಿಯ ನಡುವಿನ ಕುರುಚಲು ಗುಡ್ಡದಲ್ಲಿ ಕಾಡುಪ್ರಾಣಿ ಹುಡುಕಲು ಬಂದಾಗ ಮೋಟೆಬೆನ್ನೂರಿನ ಯಲ್ಲೇಶನನ್ನು ಹಂಗಾಮಿ ಕಾವಲುಗಾರನನ್ನಾಗಿ ಇಟ್ಟುಕೊಂಡಿದ್ದರು. ಎದುರಿಗೆ ಏನು ಅಲುಗಾಡಿದರೂ ತಾನೇ ಫೋಟೋ ಹೊಡೆಯುವ ಕ್ಯಾಮೆರಾವನ್ನು ಗಿಡಕ್ಕೆ ಕಟ್ಟಿ ಬರುವುದು, ರೋಲು ಮುಗಿದಾಗ ರಾಣೆಬೆನ್ನೂರಿಗೆ ತಂದು ಮೌಲಾಸಾಬನ ಕಡೆ ತೊಳೆಸುವುದು, ಇಷ್ಟೇ ಕೆಲಸ. ಈವರೆಗೆ ಸಿಕ್ಕಿದ್ದೆಂದರೆ ಆಡು, ಕುರಿ, ಗಾಳಿಗೆ ತೂಗಿದ ಹುಲ್ಲು, ಮತ್ತು ತಂಬಿಗೆ ಹಿಡಿದು ಹೊರಟ ಊರಿನ ಹಿರಿಯರು. ಕೊನೆಯವರನ್ನು ಮೌಲಾಸಾಬ ಪ್ರಿಂಟೇ ಹಾಕುತ್ತಿರಲಿಲ್ಲ; ಮರ್ಯಾದಸ್ಥ ಮನುಷ್ಯ. "ಈ ರೋಲಲ್ಲೂ ಏನೂ ಸಿಗಲಿಲ್ಲ ಅಂದ್ರೆ ಕ್ಯಾಮೆರಾ ಬಿಚ್ಕೊಂಡು ಬಳ್ಳಾರಿ ಕಡೆ ಹೋಗ್ತೀವಿ. ಸಿಕ್ಕಿದ್ರೆ ನಿನ್ನ ನೌಕರಿ ಖಾಯಂ," ಎಂದು ಸರ್ವೇ ಸಾಹೇಬ ಕಿರಣಕುಮಾರರು ಹೇಳಿದ್ದರು. ಖಾಯಂ ಆದವರಿಗೆ ಎರಡು ಜೇಬಿನ ಖಾಕಿ ಅಂಗಿ ಇರುತ್ತದೆ. ಯಲ್ಲೇಶನ ಹೆಂಡತಿ ದ್ರಾಕ್ಷಾಯಿಣಿ ಆ ಅಂಗಿ ತೂಗುಹಾಕಲು ಈಗಾಗಲೇ ಗೋಡೆಗೆ ಮೊಳೆ ಹೊಡೆದಿದ್ದಳು.

"ಲಗೂ ಸಾಹೇಬ್ರಿಗೆ ಫೋನ್ ಹಚ್ಚಪಾ," ಎಂದ ಯಲ್ಲೇಶ.

ಮೌಲಾಸಾಬ ಸಾಹೇಬರಿಗೆ ಹಚ್ಚುವಷ್ಟರಲ್ಲಿ ಮೈಲಾರೆಪ್ಪ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಊರಿಗೆ ಹಚ್ಚಿದ್ದ. ಇವನು ಯಲ್ಲೇಶನ ಪಕ್ಕದ ಮನೆಯವನು. ತನ್ನ ಹೋರಿಯ ಫೋಟೋ ದೊಡ್ಡದು ಮಾಡಿಸಲು ಬಂದವನು ಹೋರಿಯನ್ನೇ ಮರೆತುಬಿಟ್ಟಿದ್ದ.

ಮೋಟೆಬೆನ್ನೂರಿನ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೇಳಲಿಲ್ಲ. "ಎಲ್ಲಿ, ಆ ಒಂಟಿಕಣ್ಣಿಂದು ತಗೀರಿ," ಎಂದ. ಇಬ್ಬರೂ ಇಳಿಯುವ ಹೊತ್ತಿಗೆ ಹೈವೇ ಪಕ್ಕದ ಗದಿಗೆವ್ವನ ಮಿರ್ಚಿ ಅಂಗಡಿಯ ಮುಂದೆ ಅರ್ಧ ಊರು ನಿಂತಿತ್ತು. ಗದಿಗೆವ್ವ ಎಣ್ಣೆಗೈಯಲ್ಲೇ ಫೋಟೋ ಇಸಿದುಕೊಂಡು, ಸೀರೆಯ ಸೆರಗಿನಿಂದ ಒರೆಸಿ, ದೂರ ಹಿಡಿದಳು, ಹತ್ತಿರ ಹಿಡಿದಳು.

"ನಾ ಸಣ್ಣಾಕಿ ಇದ್ದಾಗ ಇದ ನಮ್ಮ ಹಿತ್ತಲಕ ಬಂದಿತ್ತು. ಆವಾಗ ಎರಡೂ ಕಣ್ಣಿದ್ದವು. ಪಾಪ, ವಯಸ್ಸಾತು ಅದಕ್ಕೂ."

"ಯವ್ವಾ, ಇದು ಕರಡಿ," ಎಂದ ಮೈಲಾರೆಪ್ಪ. "ಮೊನ್ನೆ ನನ್ನ ಟಗರು ಒಯ್ದದ್ದು ಇದ. ನಾ ಆವತ್ತ ಹೇಳಿದ್ನಿ."

ಆವತ್ತು ಅವನು ಹೇಳಿದ್ದು ಟಗರನ್ನು ಬ್ಯಾಡಗಿ ಸಂತೆಯಲ್ಲಿ ಮಾರಿದೆ ಎಂದು. ಆದರೆ ಅದನ್ನು ಈಗ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ, ಯಾಕೆಂದರೆ ಅವನ ಕೈಯಲ್ಲಿ ಆಗಲೇ ಮನೆಯಿಂದ ತರಿಸಿಕೊಂಡ, ಕಾಡುಹಂದಿ ಓಡಿಸುವ ನಾಡಬಂದೂಕಿತ್ತು. ಹಿಂದೆ ಕೋಲು, ಕೊಡಲಿ ಹಿಡಿದವರು ಜಮಾಯಿಸಿದ್ದರು.

"ಸಂಜೀಕ ಗುಡ್ಡದಾಗ ಕರೇದು ಏನ ಅಲಗಾಡಿದ್ರೂ ಬಿಡಂಗಿಲ್ಲ," ಎಂದು ಅವನು ಸಾರಿದ. "ಮೊದಲ ಹೊಡೀತೀವಿ, ಆಮ್ಯಾಲೆ ಹೆಸರು ಕೇಳ್ತೀವಿ."

ಯಲ್ಲೇಶ ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದ. ಫೋಟೋವನ್ನು ಹೆಂಡತಿಯ ಮುಂದೆ, ಬಂಗಾರದ ಬಳೆ ಇಟ್ಟಂತೆ ಇಟ್ಟ.

ದ್ರಾಕ್ಷಾಯಿಣಿ ಜೋಳದ ಹಿಟ್ಟಿನ ಕೈ ಜಾಡಿಸಿ ನೋಡಿದಳು. "ನಮ್ಮ ಕಂಬಳಿ ಯಾಕ ತಗಿಸೀರಿ ಫೋಟೋ?"

"ಏನು?"

"ಕಂಬಳಿರೀ. ಇದ ನೋಡ್ರಿ, ನಾ ಹಚ್ಚಿದ ತ್ಯಾಪಿ. ಹಿಟ್ಟಿನ ಚೀಲ ಕತ್ತರಿಸಿ ಮುಕ್ಕೋನಾಕಾರ ಮಾಡಿ ಹಚ್ಚಿದ್ನಲ್ಲ?"

ಯಲ್ಲೇಶ ಗೂಟಕ್ಕೆ ತೂಗುಬಿದ್ದಿದ್ದ ಕಂಬಳಿಯತ್ತ ನೋಡಿದ. ಅಲ್ಲಿಂದ ಆ ಬಿಳಿ ಮುಕ್ಕೋನದ ಕಣ್ಣು ಅವನನ್ನೇ ನೋಡಿತು.

ಎಲ್ಲವೂ ನೆನಪಾಯಿತು. ಕ್ಯಾಮೆರಾ ಕಟ್ಟಿದ ಮೇಲೆ ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಪ್ರಾಣಿಯ ಎತ್ತರಕ್ಕೆ ಬಗ್ಗಿ, ಅಂಬೆಗಾಲಿನಲ್ಲಿ ಅದರ ಮುಂದೆ ಹಾದುಹೋಗಬೇಕು. ಇದು ಸಾಹೇಬರೇ ಕಲಿಸಿದ ಪರೀಕ್ಷೆ. ಹೋದವಾರ ಸಂಜೆ ಗುಡ್ಡದ ಮೇಲೆ ಕೊರೆಯುವ ಗಾಳಿ. ಅವನು ತಲೆಯ ಮೇಲಿಂದ ಕಂಬಳಿ ಹೊದ್ದು ಆ ಪರೀಕ್ಷೆ ಮಾಡಿದ್ದ. ಫಕ್ಕನೆ ಬೆಳಕು ಬಿದ್ದದ್ದಕ್ಕೆ ಖುಷಿಯೂ ಪಟ್ಟಿದ್ದ.

"ಇದು ನಾನ," ಎಂದು ಅವನು ಫೋಟೋವನ್ನು ಕಂಬಳಿಯ ಪಕ್ಕ ಹಿಡಿದ.

"ಬಾಯಿ ಮುಚ್ಕೊಂಡಿರ್ರಿ," ಎಂದಳು ದ್ರಾಕ್ಷಾಯಿಣಿ. "ನೌಕರಿ ಖಾಯಂ ಆಗಲಿ, ಆಮ್ಯಾಲೆ ನೋಡೂಣು."

"ಅಷ್ಟರಾಗ ಮೈಲಾರೆಪ್ಪ ನನ್ನ ಹೊಡೀತಾನ. ದಿನಾ ಸಂಜೀಕ ಈ ಕರೇ ಕಂಬಳಿ ಹೊದ್ಕೊಂಡ ಅಲ್ಲಿ ಹೋಗಾಂವ ನಾನು."

"ಬಿಳೇ ದುಪ್ಪಡಿ ಹೊದ್ಕೋರಿ."

"ದೆವ್ವ ಅಂತ ಹೊಡೀತಾನ."

ನೌಕರಿ ಮತ್ತು ಪ್ರಾಣ ಎರಡನ್ನೂ ತೂಗಿ ನೋಡಿದ. ಪ್ರಾಣವಿಲ್ಲದೆ ಖಾಕಿ ಅಂಗಿ ತೊಡುವುದು ಕಷ್ಟ ಎನ್ನಿಸಿತು. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಮಿರ್ಚಿ ಅಂಗಡಿಯ ಮುಂದೆ ಸಾಹೇಬರ ಜೀಪು ಬಂದು ನಿಂತಿತ್ತು. ಕಿರಣಕುಮಾರರು ಮೌಲಾಸಾಬನ ಕಡೆ ಹಾಕಿಸಿಕೊಂಡ ಇನ್ನೊಂದು ಪ್ರಿಂಟನ್ನು ಬಾನೆಟ್ಟಿನ ಮೇಲೆ ಇಟ್ಟು ಭೂತಗನ್ನಡಿ ಹಿಡಿದಿದ್ದರು. "ಶಭಾಷ್ ಯಲ್ಲೇಶ! ಮೈಸೂರಿಗೆ ಆಗಲೇ ಹೇಳಿಬಿಟ್ಟೆ. ಇದು ಕರಡಿ ಅಲ್ಲ, ಕಿರುಬ ಅಲ್ಲ. ಯಾವ ಪುಸ್ತಕದಲ್ಲೂ ಇಲ್ಲ!"

"ಸರ, ಅದು ನಾನರಿ."

"ಏನು ನೀನು?"

"ಆ ಪ್ರಾಣಿ."

ಗದಿಗೆವ್ವ ಮಿರ್ಚಿ ಕರಿಯುವುದನ್ನು ಬಿಟ್ಟು ಎದ್ದು ಬಂದಳು. ಆಮೇಲೆ ಎಲ್ಲರೂ ಒಮ್ಮೆಲೇ ಅವನ ಮೇಲೆ ಮುಗಿಬಿದ್ದರು.

"ನಿನ್ನ ಮುಖಾ ನೋಡಿಕೋ ಮೊದಲ!" ಎಂದ ಮೈಲಾರೆಪ್ಪ. "ಅದರ ಗತ್ತು ಎಲ್ಲಿ, ನೀ ಎಲ್ಲಿ? ನನ್ನ ಟಗರು ಹೊರೂ ತಾಕತ್ತು ಐತೇನು ನಿನಗ?"

"ಹೌದಪಾ," ಎಂದಳು ಗದಿಗೆವ್ವ. "ಅದು ಎಷ್ಟ ಹಿರೇತನದ್ಲೆ ಹೆಜ್ಜಿ ಇಟ್ಟೈತಿ. ನೀ ನಡದ್ರ ಮಜ್ಜಿಗ್ಯಾಗ ಬಿದ್ದ ಕೋಳಿ ನಡದಂಗ ಕಾಣ್ತೈತಿ."

"ಕೆಲಸ ತಪ್ಪಿಸ್ಕೊಳ್ಳೋಕೆ ಹೀಗೆಲ್ಲ ಹೇಳಬೇಡ," ಎಂದರು ಸಾಹೇಬರು. "ಇದರ ಬೆನ್ನಿನ ರಚನೆ ನೋಡು. ಮನುಷ್ಯನ ಬೆನ್ನು ಹೀಗೆ ಇರೋದಕ್ಕೆ ಸಾಧ್ಯಾನೇ ಇಲ್ಲ."

ಯಲ್ಲೇಶನಿಗೆ ಮೊದಲ ಬಾರಿ ಸಿಟ್ಟು ಬಂತು. ತಾನು ಮನುಷ್ಯ ಎಂದು ಯಾರಿಗೂ ಹೇಳಿ ತಿಳಿಸಬೇಕಾದ ಪ್ರಸಂಗ ಅವನಿಗೆ ಇದುವರೆಗೆ ಬಂದಿರಲಿಲ್ಲ. ಈಗ ನೋಡಿದರೆ ತಾನೇ ಆ ಪ್ರಾಣಿ ಎಂದು ಸಾಧಿಸಬೇಕಾಗಿತ್ತು. "ಬರ್ರಿ ಗುಡ್ಡಕ್ಕ. ಮಾಡಿ ತೋರಿಸ್ತೇನಿ," ಎಂದ.

ಊರು ಜಾತ್ರೆಗೆ ಹೊರಟಂತೆ ಹೊರಟಿತು. ಹೊತ್ತು ಇಳಿಯುತ್ತಿತ್ತು. ಜಾಲಿಗಿಡಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಬೆಳಿಗ್ಗೆ ಹಾಕಿದ ಹೊಸ ರೋಲಿತ್ತು. ಯಲ್ಲೇಶ ತಲೆಯಿಂದ ಕಂಬಳಿ ಹೊದ್ದು, ಅಂಗೈ ಮೊಣಕಾಲು ಊರಿ, ಅದರ ಮುಂದೆ ಹಾದ. ಫಕ್ಕನೆ ಬೆಳಕು. ಬಿಳಿ ತೇಪೆ ಝಗ್ಗಂತು.

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದೆ ಬಂತು. ಸಾಹೇಬರೊಬ್ಬರೇ ನಗಲಿಲ್ಲ. ಅವರ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಹಂಗಾದ್ರ ನನ್ನ ಟಗರು ತಿಂದಾಂವ ನೀನ!" ಎಂದ ಮೈಲಾರೆಪ್ಪ. ಅವನು ಅಷ್ಟು ಸುಲಭವಾಗಿ ಬಿಡುವವನಲ್ಲ.

"ನಿನ್ನನ್ನ ಕೆಲಸದಿಂದ ತೆಗೀತೀನಿ," ಎಂದರು ಸಾಹೇಬರು ಹಲ್ಲು ಕಚ್ಚಿ. "ಆದರೆ ತೆಗೆಯೋಕೆ ಸಾಕ್ಷಿ ಬೇಕು. ರೋಲು ಮುಗಿಯೋವರೆಗೂ ಹೀಗೇ ಓಡಾಡ್ತಿರು. ಮುಗಿದ ಮೇಲೆ ತೊಳೆಸ್ಕೊಂಡು ರಾಣೆಬೆನ್ನೂರಿನ ಲಾಡ್ಜಿಗೆ ತಂದುಕೊಡು."

ಅವರೆಲ್ಲ ಮಿರ್ಚಿ ತಿನ್ನಲು ಇಳಿದುಹೋದರು. ತನ್ನ ನೌಕರಿ ಕಳೆಯುವ ಸಾಕ್ಷಿಯನ್ನು ತಾನೇ ತಯಾರಿಸುತ್ತ ಯಲ್ಲೇಶ ಒಬ್ಬನೇ ಉಳಿದ. ಕ್ಯಾಮೆರಾದ ಮುಂದೆ ಹಾಯುವುದು, ಎದ್ದು ಸುತ್ತುಹಾಕಿ ಬರುವುದು, ಮತ್ತೆ ಹಾಯುವುದು. ಮೊಣಕಾಲಿಗೆ ಕಲ್ಲು ಒತ್ತುತ್ತಿತ್ತು. ಕೊನೆಕೊನೆಗೆ ಏಳಲೂ ಬೇಸರವಾಗಿ, ತಲೆ ತಗ್ಗಿಸಿ ಅಲ್ಲೇ ಮುಂದೆ ಮುಂದೆ ತೆವಳಿದ. ಕಂಬಳಿಯೊಳಗಿಂದ ಕಾಣುತ್ತಿದ್ದದ್ದು ತನ್ನ ಎರಡು ಕೈ ಮತ್ತು ಅಂಗೈಯಗಲ ನೆಲ.

ಹಿಂದೆ ಯಾರೋ ಸಣ್ಣಗೆ ಉಸಿರು ಬಿಟ್ಟಂತಾಯಿತು. ಕೆಟ್ಟ ವಾಸನೆಯೂ ಬಂತು.

"ಮೈಲಾರೆಪ್ಪಣ್ಣ, ಸಾಕ ಮಾಡು. ಬೀಡಿ ಕುಡ್ದ ಬಂದ ನನ್ನ ಹಿಂದ ನಿಂತ ನಗಬ್ಯಾಡ," ಎಂದ ಯಲ್ಲೇಶ, ತಿರುಗದೆ.

ಕಂಬಳಿಯ ಅಂಚನ್ನು ಯಾರೋ ಜಗ್ಗಿದರು. ಅವನು ಮರಳಿ ಜಗ್ಗಿದ. ಇನ್ನೊಮ್ಮೆ ಜಗ್ಗಿದರು. "ನಿನ್ನ ಮಾರೀಗಿಷ್ಟು!" ಎಂದು ಸಿಟ್ಟಿನಿಂದ ಒದ್ದ. ಕಾಲಿಗೆ ಏನೋ ಮೆತ್ತಗೆ ತಾಗಿತು, ಪೊದೆ ಸರಸರ ಅಂತು. ಕ್ಯಾಮೆರಾ ರೋಲು ಸುತ್ತಿಕೊಳ್ಳುವ ಕಿರ್ರ್ ಸದ್ದು ಕೇಳಿ ಅವನು ಎದ್ದು ನೋಡಿದಾಗ ಯಾರೂ ಇರಲಿಲ್ಲ. ಕಂಬಳಿಯ ಒಂದು ಮೂಲೆ ಮಾತ್ರ ಇರಲಿಲ್ಲ.

ರಾಣೆಬೆನ್ನೂರಿನಲ್ಲಿ ಮೌಲಾಸಾಬ ಅಂಗಡಿಯ ಷಟರ್ ಅರ್ಧ ಇಳಿಸಿದ್ದವನು ಇವನಿಗೋಸ್ಕರ ಮತ್ತೆ ಎತ್ತಿದ. ಫೋಟೋಗಳು ಒಂದೊಂದಾಗಿ ಬಿದ್ದವು. ಯಲ್ಲೇಶ, ಯಲ್ಲೇಶ, ಮತ್ತೆ ಯಲ್ಲೇಶ. ಕೊನೆಯ ಮೂರು ಬಿದ್ದಾಗ ಮೌಲಾಸಾಬ ಕುರ್ಚಿ ಹುಡುಕಿಕೊಂಡು ಕುಳಿತ.

ಮೊದಲನೆಯದರಲ್ಲಿ, ಹಿಂದಿನ ಪೊದೆಯಲ್ಲಿ ನೆಟ್ಟಗೆ ನಿಂತ ಎರಡು ಕಿವಿ. ಎರಡನೆಯದರಲ್ಲಿ ಪೂರ್ತಿ ಮೈ: ಮುಂದೆ ಎತ್ತರ, ಹಿಂದೆ ಇಳಿಜಾರು, ಕೊರಳಿನಿಂದ ಬೆನ್ನುದ್ದಕ್ಕೂ ನಿಮಿರಿದ ಕೂದಲು, ಬೂದು ಮೈಮೇಲೆ ಕಪ್ಪು ಪಟ್ಟೆ. ಮೂರನೆಯದರಲ್ಲಿ ಅದು ಯಲ್ಲೇಶನ ಕಂಬಳಿಯ ಮೂಲೆಯನ್ನು ಬಾಯಲ್ಲಿ ಹಿಡಿದಿತ್ತು.

"ಕತ್ತೆಕಿರುಬ," ಎಂದ ಮೌಲಾಸಾಬ ಪಿಸುಗುಟ್ಟಿ. "ಇದಕ್ಕ ಬಾಲಾನೂ ಐತಿ ನೋಡು."

ಯಲ್ಲೇಶ ಮೂರೂ ಫೋಟೋ ಬಾಚಿಕೊಂಡ. ಸಾಹೇಬರ ಲಾಡ್ಜಿನತ್ತ ಓಡಿದ.

ಬಸ್‌ಸ್ಟ್ಯಾಂಡಿನ ಪಕ್ಕದ ಲಾಡ್ಜಿನಲ್ಲಿ ಸಾಹೇಬರು ಚಹಾ ಕುಡಿಯುತ್ತಿದ್ದರು. ಎದುರಿಗೆ ಮೈಲಾರೆಪ್ಪ, ಕಾಣಿಕೆಯಾಗಿ ತಂದ ಮೆಣಸಿನಕಾಯಿ ಚೀಲ ಕಾಲಸಂದಿಯಲ್ಲಿ ಇಟ್ಟುಕೊಂಡು, ಟಗರಿನ ವಿಷಯ ಮಾತಾಡುತ್ತಿದ್ದ. ಯಲ್ಲೇಶ ಮೂರು ಫೋಟೋ ಮೇಜಿನ ಮೇಲೆ ಹರಡಿದ. "ಸರ, ಖರೇ ಖರೇ ಕಿರುಬ!"

ಸಾಹೇಬರು ಭೂತಗನ್ನಡಿಯನ್ನು ಮುಟ್ಟಲೂ ಇಲ್ಲ. "ಇದರೊಳಗೆ ಯಾರಿದಾರೆ?"

"ಯಾರೂ ಇಲ್ಲರಿ! ಅದು ಅದನರಿ!"

"ಬೆಳಿಗ್ಗೆ ಕಂಬಳಿ, ಸಂಜೆ ಪಟ್ಟೆಪಟ್ಟೆ ಜಮಖಾನ. ನನ್ನನ್ನ ಏನಂತ ತಿಳ್ಕೊಂಡಿದೀಯ?"

ಮೈಲಾರೆಪ್ಪ ಬಗ್ಗಿ ನೋಡಿದ. "ಅಯ್ಯಯ್ಯ! ಇದು ನಮ್ಮ ಜಮಖಾನ ಸರ! ಬಣವಿ ಮ್ಯಾಲೆ ಒಣಾ ಹಾಕಿದ್ನಿ. ಕಳವು ಮಾಡ್ಯಾನ!"

ಯಲ್ಲೇಶ ಹರಿದ ಕಂಬಳಿ ತೋರಿಸಿದ. ಹಲ್ಲಿನ ಗುರುತು ತೋರಿಸಿದ. ಆಂಜನೇಯನ ಮೇಲೆ ಆಣೆ ಹಾಕಿದ. ಸಾಹೇಬರು ಕೈ ಎತ್ತಿ ತಡೆದರು. ಅವರ ಮುಖದಲ್ಲಿ ಈಗ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ಇರಲಿ ಬಿಡು. ಮೈಸೂರಿಂದ ಫೋನ್ ಬಂದಿತ್ತು. ಒಂಟಿಕಣ್ಣಿನ ಪ್ರಾಣಿ ಅಂದ್ರೆ ಅವರಿಗೆ ಹುಚ್ಚು ಹಿಡಿದಿದೆ. ಸರ್ವೇ ಇನ್ನೂ ಮುಂದುವರಿಸಿ ಅಂತಿದಾರೆ. ಅದು ನಮ್ಮ ಕಾವಲುಗಾರ ಅಂತ ನಾನು ಯಾವ ಬಾಯಲ್ಲಿ ಹೇಳಲಿ?" ಅವರು ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಮಡಿಕೆ ಬಿಚ್ಚದ ಖಾಕಿ ಅಂಗಿಯೊಂದನ್ನು ಹೊರತೆಗೆದರು. ಎರಡು ಜೇಬು, ಹಿತ್ತಾಳೆಯ ಗುಂಡಿ. "ತಗೋ. ನಿನ್ನ ನೌಕರಿ ಖಾಯಂ. ನಾಳೆ ಸಂಜೆಯಿಂದ ಅದೇ ಜಾಗ, ಅದೇ ಗಿಡ. ಇಷ್ಟೊಂದು ಜನ ಬರೋದು ಬೇಡ, ನೀನೊಬ್ಬನೇ ಹೋಗು. ಕ್ಯಾಮೆರಾ ಕಟ್ಟು, ಇವತ್ತು ಮಾಡಿದ ಹಾಗೇ ಅಂಬೆಗಾಲಲ್ಲಿ ಪರೀಕ್ಷೆ ಮಾಡು."

ಯಲ್ಲೇಶ ಅಂಗಿಯನ್ನು ನೋಡಿದ. ಮನೆಯ ಗೋಡೆಯ ಮೊಳೆ ನೆನಪಾಯಿತು. ಆಮೇಲೆ ಮೂರನೆಯ ಫೋಟೋ ನೋಡಿದ. ಕಂಬಳಿಯ ಮೂಲೆ ಕಚ್ಚಿಕೊಂಡ ಅದು, ಇನ್ನುಳಿದದ್ದು ಯಾವಾಗ ಬರುತ್ತದೆ ಎಂಬಂತೆ ಕ್ಯಾಮೆರಾವನ್ನೇ ದಿಟ್ಟಿಸಿ ನೋಡುತ್ತಿತ್ತು.

"ತಗೊಳ್ಳಯ್ಯ," ಎಂದರು ಸಾಹೇಬರು.

ಯಲ್ಲೇಶ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಒಲ್ಲೆರಿ," ಎಂದ.