ಅತ್ತೆಯ ಕಡ್ಡಿಮನುಷ್ಯರು

ನನ್ನ ಸೋದರತ್ತೆಯ ಮೊಬೈಲಿನಲ್ಲಿ ಅರ್ಧ ಹಗರಿಬೊಮ್ಮನಹಳ್ಳಿ ಓಡಾಡುತ್ತದೆ. ಅದೂ ಮೈಮೇಲೆ ಬಟ್ಟೆಯಿಲ್ಲದೆ!

ಗಾಬರಿಯಾಗಬೇಡಿ. ಅವರೆಲ್ಲ ಕಡ್ಡಿಮನುಷ್ಯರು. ದುಂಡನೆಯ ತಲೆ, ಬೆನ್ನಿಗೊಂದು ಗೆರೆ, ಕೈಕಾಲಿಗೆ ನಾಲ್ಕು ಗೆರೆ, ಅಷ್ಟೇ. ಉಳಿದವರು ಮೊಬೈಲಿನಲ್ಲಿ ಸೀರೆ ಹುಡುಕಿದರೆ ಅತ್ತೆ ಕಡ್ಡಿಮನುಷ್ಯರ ಅಪರೂಪದ ಆನಿಮೇಷನ್ ಹುಡುಕುತ್ತಾಳೆ. ಪಾಳುಬಿದ್ದ ವೆಬ್‌ಸೈಟುಗಳಲ್ಲೆಲ್ಲ ಅವಳ ಹಿಟ್ಟಿನ ಬೆರಳು ಆಡಿದೆ. ಹಿಟ್ಟಿನ ಬೆರಳೇಕೆಂದರೆ, ಅವಳದು ಹಿಟ್ಟಿನ ಗಿರಣಿ.

ಗಿರಣಿಯ ಡಬ್ಬಿಗಳ ಮೇಲೆ ಗಿರಾಕಿಯ ಹೆಸರಿನ ಚೀಟಿ ಇರಲೇಬೇಕಲ್ಲ? ಅದೇ ರೂಢಿ ಮೊಬೈಲಿಗೂ ಬಂತು. ಕಡ್ಡಿಮನುಷ್ಯನ ಚಲನೆ ಯಾವ ಗಿರಾಕಿಯನ್ನು ಹೋಲುತ್ತದೋ ಅವನಿಗೆ ಆ ಗಿರಾಕಿಯ ಹೆಸರು! ತಂಬ್ರಹಳ್ಳಿಯ ಗೌಡರು ಲಾಗಾ ಹೊಡೆಯುತ್ತಾರೆ. ಶಾಂತಕ್ಕ ಗೋಡೆ ಒದೆಯುತ್ತಾಳೆ. ಒಂದು ದಿನ ಶಾಂತಕ್ಕನೇ ಅದನ್ನು ನೋಡಿಬಿಟ್ಟಳು.

"ಅಯ್ಯ, ಇದು ನನ್ನ ಹೆಸರಲ್ಲೇನು? ಗ್ವಾಡಿ ಒದಿಯಾಕ ಹತ್ತೇತಲ್ಲ!"

"ಮೊನ್ನಿ ಕರೆಂಟ್ ಹೋದಾಗ ನಮ್ಮ ಬಾಗಲಾ ಒದ್ದಿಯಲ್ಲವಾ, ಥೇಟ್ ಹಂಗ ಐತಿ."

ಶಾಂತಕ್ಕ ಡಬ್ಬಿ ಸೊಂಟಕ್ಕಿಟ್ಟು ದಡದಡನೆ ಹೊರಟಳು. ಅತ್ತೆ ಅವಳ ಬೆನ್ನನ್ನೇ ಆಸೆಯಿಂದ ನೋಡಿದಳು. "ಇಂಥ ನಡಿಗಿ ನನ್ನ ಹತ್ರ ಇಲ್ಲವ್ವ!" ಎಂದಳು ನನಗೆ.

ಇಲ್ಲದ್ದು ಇನ್ನೊಂದಿತ್ತು. ಲಕ್ವಾ ಹೊಡೆದ ಮೇಲೆ ಮಾವನ ಎಡಗಾಲು ಎಳೆಯುತ್ತದೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರೂ, ಜನ ನೋಡುತ್ತಾರೆಂಬ ನಾಚಿಕೆಗೆ ಅವರು ಗಿರಣಿಯ ಹಿಂದಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ವ್ಯಾಯಾಮದ ವಿಡಿಯೋ ತೋರಿಸಿದರೆ ಮುಖ ತಿರುಗಿಸಿದರು. "ಆ ಪೈಲ್ವಾನಂದು ಎರಡೂ ಕಾಲು ನೆಟ್ಟಗದಾವು. ಅವ ನನಗೇನು ಹೇಳ್ತಾನ?"

ಅಂದಿನಿಂದ ಅತ್ತೆಗೆ ಒಂದೇ ಹಟ: ಕಾಲೆಳೆದು ನಡೆಯುವ ಕಡ್ಡಿಮನುಷ್ಯ ಬೇಕು. ಆದರೆ ಸಿಕ್ಕವರೆಲ್ಲ ಕತ್ತಿ ಬೀಸುವವರು, ಮಾಳಿಗೆಯಿಂದ ಜಿಗಿಯುವವರು!

"ಮೆತ್ತಗ ನಡಿಯವ ಒಬ್ಬನೂ ಹುಟ್ಟಿಲ್ಲೇನ?" ಎಂದು ನನ್ನ ಮೇಲೆ ರೇಗಿದಳು, ಅವರನ್ನೆಲ್ಲ ನಾನೇ ಹೆತ್ತ ಹಾಗೆ.

ಕೊನೆಗೆ ಬ್ರೆಜಿಲ್ ದೇಶದವನೊಬ್ಬನ ಬಳಿ ಹಳೆಯ ಸಂಗ್ರಹವಿದೆ ಎಂದು ತಿಳಿಯಿತು. ಇಂಗ್ಲಿಷಿನಲ್ಲಿ ಕೇಳುವ ಕೆಲಸ ನನ್ನದು. ಅವನು ಮೊದಲು ಕಳಿಸಿದ್ದು ಕಡ್ಡಿಮಂಗವನ್ನು. ನಮ್ಮಲ್ಲಿ ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಅತ್ತೆ ಸಜ್ಜೆ ರೊಟ್ಟಿ ಬಡಿಯುವ ವಿಡಿಯೋ ಕಳಿಸಿದಳು. ಅಲ್ಲಿಯೂ ಅದೇ ಪದ್ಧತಿಯೋ ಏನೋ, ಕಡ್ಡಿಕುದುರೆ ಬಂತು. ಇಲ್ಲಿಂದ ಶೇಂಗಾ ಚಟ್ನಿ ಹೋಯಿತು. ಮಂಡಕ್ಕಿ ಒಗ್ಗರಣೆ ಹೋದ ಮರುದಿನ, ಕಾಲೆಳೆಯುವವನು ಬಂದ!

ಅತ್ತೆ ಅವನಿಗೆ ಮಾವನ ಹೆಸರಿಟ್ಟು ಅವರ ಮುಂದೆ ಹಿಡಿದಳು. ಅವನು ಒಂದು ಕಾಲಿಟ್ಟು, ಇನ್ನೊಂದನ್ನು ಎಳೆದುಕೊಂಡು, ಪರದೆಯ ಆ ತುದಿಯವರೆಗೂ ಹೋದ. ಮಾವ ಬಹಳ ಹೊತ್ತು ನೋಡಿದರು.

"ಮಂದಿ ನಗಂಗಿಲ್ಲೇನು ಇವನ್ನ ನೋಡಿ?"

"ಗೌಡ್ರು ಲಾಗಾ ಹೊಡಿಯಾಕ ಹತ್ಯಾರ, ಶಾಂತಕ್ಕ ಗ್ವಾಡಿ ಒದಿಯಾಕ ಹತ್ಯಾಳ. ಇವನ್ನ ನೋಡಾಕ ಯಾರಿಗೆ ಪುರಸೊತ್ತೈತ್ರಿ?"

ಮಾವ ನಕ್ಕರು.

ಮರುದಿನ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಹಿಟ್ಟು ಉದುರಿದ ನೆಲದ ಮೇಲೆ ಒಂದು ಹೆಜ್ಜೆ, ಪಕ್ಕದಲ್ಲೊಂದು ಉದ್ದ ಗೆರೆ. ಮತ್ತೊಂದು ಹೆಜ್ಜೆ, ಮತ್ತೊಂದು ಗೆರೆ. ಅವು ಹಿಂದಿನ ಕೋಣೆಯಿಂದ ಹೊರಟು ಡಬ್ಬಿಗಳ ಸಾಲಿನವರೆಗೆ ಬಂದಿದ್ದವು. ಅಲ್ಲಿ ಮಾವ ನಿಂತು ಚೀಟಿ ಓದುತ್ತಿದ್ದರು.

ನೆಲ ಗುಡಿಸಲೆಂದು ಕಸಬರಿಗೆ ಎತ್ತಿಕೊಂಡೆ. ಅತ್ತೆ ನನ್ನ ಕೈ ಹಿಡಿದಳು.

"ಇರ್ಲಿ ಬಿಡವ್ವ," ಎಂದಳು. "ಇವತ್ತು ಗುಡಸಬ್ಯಾಡ."