ಚುಕ್ಕಿ ಎಣಿಸುವ ದೊಡ್ಡಪ್ಪ

ನನ್ನ ದೊಡ್ಡಪ್ಪನಿಗೆ ಹೆಂಡತಿಯ ಹುಟ್ಟುಹಬ್ಬ ನೆನಪಿರುವುದಿಲ್ಲ. ಆದರೆ ಬದನೆ ಎಲೆ ತಿನ್ನುವ ಹುಳುವಿನ ಬೆನ್ನ ಮೇಲೆ ಎಷ್ಟು ಚುಕ್ಕಿ ಎಂದು ಕೇಳಿ, ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಇಪ್ಪತ್ತೆಂಟು!

ತೆಲುಗು ನಾಡಿನ ಕುಷಾಯಿಗೂಡದಲ್ಲಿರುವ ಅವರ ಮನೆಯ ಮಾಳಿಗೆಯ ಮೇಲೆ ಹನ್ನೊಂದು ಕುಂಡಗಳಲ್ಲಿ ಬದನೆ ಗಿಡಗಳಿವೆ. ದೊಡ್ಡಪ್ಪ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಕಾರ್ಖಾನೆ ಬಿಟ್ಟರು, ತಪಾಸಣೆ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ಲುಂಗಿ ಎತ್ತಿ ಕಟ್ಟಿ, ಭೂತಗನ್ನಡಿ ಹಿಡಿದು, ಪ್ರತಿ ಎಲೆಯನ್ನೂ ಮಗುಚಿ ನೋಡುತ್ತಾರೆ. ಹುಳು ಕೆರೆದು ಜರಡಿ ಮಾಡಿದ ಎಲೆಯಡಿ ಹಳದಿ ಮೊಟ್ಟೆ ಕಂಡರೆ ಆ ಎಲೆಯೇ ವಜಾ. ಹುಳು ಸಿಕ್ಕರೆ ಸೋಪಿನ ನೀರಿನ ಮಗ್ಗಿಗೆ. ವಾರಕ್ಕೊಮ್ಮೆ ಬೇವಿನೆಣ್ಣೆಯ ಸಿಂಪಡಣೆ. ಆ ದಿನ ಉಪ್ಪಿಟ್ಟಿಗೂ ಬೇವಿನ ವಾಸನೆ!

"ಅಂಗಡ್ಯಾಗಿಂದ ಒಂದು ಔಷಧ ತಂದು ಹೊಡೀಬಾರದೇನ್ರಿ ದೊಡ್ಡಪ್ಪಾ?" ಎಂದು ಒಮ್ಮೆ ಕೇಳಿಬಿಟ್ಟೆ.

"ಲೇ, ನಿಮ್ಮ ದೊಡ್ಡವ್ವನ ಹೊಟ್ಟ್ಯಾಗ ಈಗಾಗ್ಲೇ ಒಂದು ಔಷಧಿ ಅಂಗಡಿನೇ ಐತಿ. ಮತ್ತೂ ಹಾಕಬೇಕಂತೀಯೇನು?"

ಅಸಲು ವಿಷಯ ಅದು. ದೊಡ್ಡ ಕಾಯಿಲೆಯ ಚಿಕಿತ್ಸೆ ಮುಗಿದ ಮೇಲೆ ದೊಡ್ಡವ್ವನ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಏನು ಕೊಟ್ಟರೂ "ಛಲೋ ಆಗೇತಿ" ಎಂದು ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದರು. ದಿನೇ ದಿನೇ ಇಳಿದು ಹೋಗುತ್ತಿದ್ದರು. ಒಂದು ದಿನ ಅವರಾಗಿಯೇ, "ಮನ್ಯಾಗ ಬೆಳದ ಬದನಿಕಾಯಿ ಎಣ್ಣಿಗಾಯಿ ತಿನ್ನಬೇಕು ಅನ್ನಸ್ತದ" ಎಂದರು. ಅಷ್ಟೇ, ಮಾರನೆಯ ದಿನವೇ ಕುಂಡಗಳು ಬಂದವು. ಅವುಗಳ ಹಿಂದೆಯೇ ಹುಳುಗಳೂ ಬಂದವು.

ದೊಡ್ಡವ್ವನನ್ನು ದೊಡ್ಡಪ್ಪ ಆಸ್ಪತ್ರೆಗೆ ಕರೆದೊಯ್ದ ಒಂದು ಶನಿವಾರ ಹುಳು ಹಿಡಿಯುವ ಅಧಿಕಾರ ನನಗೆ ಸಿಕ್ಕಿತು. ನಾನೋ, ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವವನು! ಹತ್ತೇ ನಿಮಿಷದಲ್ಲಿ ಒಂಬತ್ತು ಹುಳು ಮುಳುಗಿಸಿ, ಅವರು ಬಂದ ಕೂಡಲೇ ಮಗ್ಗನ್ನು ಹೆಮ್ಮೆಯಿಂದ ತೋರಿಸಿದೆ. ದೊಡ್ಡಪ್ಪ ಭೂತಗನ್ನಡಿಯಲ್ಲಿ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಮೈ ಮಿರಿಮಿರಿ ಅಂತೈತಿ, ಚುಕ್ಕಿ ಬರೇ ಆರು. ಇವು ಗಿಡದ ಹೇನು ತಿನ್ನೋವು, ನಮ್ಮ ಮಂದಿ ಅದಾವಲೇ! ಎಲಿ ತಿನ್ನೋದರ ಬಣ್ಣ ಮಾಸಿರ್ತೈತಿ, ಮೈತುಂಬ ಚುಕ್ಕಿ. ಎಣಸಾಕ ಬರಂಗಿಲ್ಲೇನು ನಿನಗ?"

ಶಿಕ್ಷೆಯೇನು ಗೊತ್ತೇ? ಮುಳುಗಿಸಿದ ಒಂಬತ್ತಕ್ಕೆ ಆರು ಚುಕ್ಕಿಯವೇ ಒಂಬತ್ತನ್ನು ಜೀವಂತ ಹಿಡಿದು ತರಬೇಕು! ಪಕ್ಕದ ಮನೆಯ ದಾಸವಾಳದ ಗಿಡದೊಳಗೆ ತಲೆ ತೂರಿಸಿ, ಬೆಂಕಿಪೊಟ್ಟಣ ಹಿಡಿದು ಬಗ್ಗಿದ್ದೆ. ಆ ಮನೆಯ ಆಂಟಿ, "ಏಂ ವೆತುಕುತುನ್ನಾವು ಬಾಬೂ?" ಎಂದರು. ಏನು ಹುಡುಕುತ್ತಿದ್ದೇನೆಂದು ಹೇಳಲಿ? "ಹುಳು, ಆಂಟಿ" ಎಂದು ನನ್ನ ಹರುಕು ತೆಲುಗಿನಲ್ಲಿ ಹೇಳಿದೆ. ಪಾಪ, ಹುಡುಗನ ಕೆಲಸ ಹೋಗಿದೆಯಂತೆ ಎಂದು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ!

ಕೊನೆಗೂ ಐದು ಕಾಯಿ ಬಿಟ್ಟವು. ದೊಡ್ಡಪ್ಪನೇ ಎಣ್ಣೆಗಾಯಿ ಮಾಡಿದರು. ತಮ್ಮ ಅಡುಗೆಯಲ್ಲಿ ಯಾರಾದರೂ ಹುಳುಕು ಹುಡುಕಿದರೆ ಎರಡು ದಿನ ಮಾತು ಬಿಡುವ ಮನುಷ್ಯ ಅವರು. ದೊಡ್ಡವ್ವ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಮುಖ ಕಿವುಚಿದರು.

"ಅಲ್ರೀ, ಎಷ್ಟು ಉಪ್ಪು ಸುರದೀರಿ ಇದಕ್ಕ?"

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. "ಏನಂದಿ? ಇನ್ನೊಮ್ಮೆ ಅನ್ನು."

"ಉಪ್ಪು ಭಾಳ ಆಗೇತ್ರಿ!" ದೊಡ್ಡವ್ವ ಗದರಿದರು.

ದೊಡ್ಡಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ, "ಬೈಯಿ, ಇನ್ನೂ ಬೈಯಿ" ಎಂದು ಅವರ ತಟ್ಟೆಗೆ ಮತ್ತೊಂದು ಕಾಯಿ ಬಡಿಸಿದರು.